ರಷ್ಯಾಕ್ಕೆ ಹೊರಟವರಿಗೆ ರಷ್ಯನ್: ಫ್ಲ್ಯಾಶ್ ಕಾರ್ಡ್ ಮಾಡಿಕೊಂಡು ಕಲಿಯುವ ಬಗೆ

ಸಿದ್ಧವಾಗಿ ಸಿಗುವ ರಷ್ಯನ್ ಕಾರ್ಡುಗಳ ಕಟ್ಟನ್ನು ಕೊಳ್ಳುವ ಮೊದಲು ಅದರ ಮೊದಲ ಇಪ್ಪತ್ತು ಕಾರ್ಡುಗಳನ್ನು ಮಗುಚಿ ನೋಡಿ. ಬೆಕ್ಕು, ಸೇಬು, ಪೆನ್ಸಿಲ್, ಅಜ್ಜಿ, ಕೆಂಪು, ಹಳದಿ. ಎರಡು ವಾರಕ್ಕೆ ಮಾಸ್ಕೋ, ಸೇಂಟ್ ಪೀಟರ್ಸ್‌ಬರ್ಗ್ ನೋಡಿಬರಲು ಹೊರಟವರಿಗೆ ಬೆಕ್ಕಿನಿಂದ ಆಗಬೇಕಾದದ್ದು ಏನೂ ಇಲ್ಲ. ಅವರಿಗೆ ಬೇಕಾದದ್ದು ಬಾಗಿಲ ಮೇಲೆ ಬರೆದಿರುವ 'ತಳ್ಳಿ', 'ಎಳೆಯಿರಿ'. ಅಂಗಡಿಯ ಕೌಂಟರಿನಾಕೆ ತಲೆ ಎತ್ತದೆ ಕೇಳುವ 'ಚೀಲ ಬೇಕೇ?', ಊಟದ ಮೇಜಿನ ಮುಂದೆ ತಾವೇ ಹೇಳಬೇಕಾದ 'ಮಾಂಸವಿಲ್ಲದ್ದು ಕೊಡಿ'. ಈ ಮೂರರಲ್ಲಿ ಮೊದಲನೆಯದು ಕಣ್ಣಿನ ಕೆಲಸ, ಎರಡನೆಯದು ಕಿವಿಯದು, ಮೂರನೆಯದು ಬಾಯಿಯದು. ಒಂದೊಂದಕ್ಕೂ ಒಂದೊಂದು ಬಗೆಯ ಕಾರ್ಡ್ ಬೇಕು. 'ಒಂದು ಬದಿ ರಷ್ಯನ್, ಇನ್ನೊಂದು ಬದಿ ಅರ್ಥ' ಎಂಬ ಒಂದೇ ಅಚ್ಚಿನಲ್ಲಿ ಎಲ್ಲವನ್ನೂ ಎರಕ ಹೊಯ್ದವರು ಅಲ್ಲಿ ಹೋಗಿ ಮೂಕರಾಗುತ್ತಾರೆ. ಪದ ಗೊತ್ತಿರುತ್ತದೆ, ಕಿವಿಗೆ ಬಿದ್ದಾಗ ಗುರುತು ಸಿಗುವುದಿಲ್ಲ.

ರಷ್ಯನ್ ಭಾಷೆ ರಷ್ಯಾದ ಗಡಿಯಲ್ಲಿ ನಿಲ್ಲುವುದೂ ಇಲ್ಲ. ಬೆಲರೂಸ್, ಕಜಕಸ್ತಾನ, ಕಿರ್ಗಿಸ್ತಾನಗಳಲ್ಲಿ ಅದಕ್ಕೆ ಅಧಿಕೃತ ಸ್ಥಾನವಿದೆ. ಇಲ್ಲಿ ಹೇಳುವ ಕಾರ್ಡುಗಳು ಅಲ್ಲಿಗೂ ಬಹುಪಾಲು ಸಲ್ಲುತ್ತವೆ.

ಸಾಮಾನು ಹೆಚ್ಚೇನೂ ಬೇಡ. ದಪ್ಪನೆಯ ಎ4 ಹಾಳೆಗಳನ್ನು ಎಂಟೆಂಟು ತುಂಡು ಮಾಡಿಕೊಳ್ಳಿ. ಮೊಬೈಲಿನಲ್ಲಿ ಮಾಡುವುದಾದರೆ ಆಂಕಿ ಎಂಬ ಆ್ಯಪ್ ಇದೆ. ಕಂಪ್ಯೂಟರಿನಲ್ಲಿಯೂ ಆಂಡ್ರಾಯ್ಡ್ ಫೋನಿನಲ್ಲಿಯೂ ಉಚಿತ, ಐಫೋನಿನಲ್ಲಿ ಹಣ ಕೊಡಬೇಕು. ಯಾವುದಾದರೂ ಸರಿ. ಅಕ್ಷರಗಳ ಕಾರ್ಡುಗಳನ್ನು ಮಾತ್ರ ಕೈಯಲ್ಲೇ ಬರೆಯಿರಿ. ಬೆರಳು ತಿರುವಿದ ಅಕ್ಷರವನ್ನು ಕಣ್ಣು ಬೇಗ ಗುರುತು ಹಿಡಿಯುತ್ತದೆ.

ಮೊದಲ ವಾರ: ಅಕ್ಷರ

ರಷ್ಯನ್ ವರ್ಣಮಾಲೆಯಲ್ಲಿ 33 ಅಕ್ಷರಗಳಿವೆ. ಗುಣಿತಾಕ್ಷರ, ಒತ್ತಕ್ಷರಗಳನ್ನೆಲ್ಲ ದಾಟಿ ಬಂದ ಕನ್ನಡಿಗರಿಗೆ ಇದು ಭಯಪಡುವ ಸಂಖ್ಯೆಯಲ್ಲ. ಗುಣಿತವಿಲ್ಲ, ಒತ್ತಿಲ್ಲ, ಅಕ್ಷರದ ಪಕ್ಕಕ್ಕೆ ಅಕ್ಷರ ಬರೆದುಕೊಂಡು ಹೋದರಾಯಿತು. ತೊಡಕಿರುವುದು ನಮಗೆ ಇಂಗ್ಲಿಷ್ ಮೊದಲೇ ಗೊತ್ತಿರುವುದರಲ್ಲಿ.

ಅಕ್ಷರಗಳನ್ನು ಮೂರು ಗುಂಪು ಮಾಡಿ. ಮೊದಲ ಗುಂಪಿನ ಆರು ಅಕ್ಷರಗಳು ಇಂಗ್ಲಿಷಿನಲ್ಲಿ ಕಂಡಂತೆಯೇ ಇವೆ, ಧ್ವನಿಯೂ ಹೆಚ್ಚುಕಡಿಮೆ ಅದೇ: ಎ, ಕೆ, ಎಂ, ಓ, ಟಿ, ಇ ಆಕಾರದವು. ಇವಕ್ಕೆ ಅರ್ಧ ಗಂಟೆ ಸಾಕು. ಎರಡನೆಯ ಗುಂಪಿನ ಆರು ಅಕ್ಷರಗಳು ವೇಷಧಾರಿಗಳು. ಇಂಗ್ಲಿಷಿನ ಪಿ ಯಂತೆ ಕಾಣುವುದು 'ರ'. ಎಚ್ ನಂತೆ ಕಾಣುವುದು 'ನ'. ಸಿ ಯಂತಿರುವುದು ಯಾವಾಗಲೂ 'ಸ', ಎಂದೂ 'ಕ' ಅಲ್ಲ. ಬಿ ಯಂತಿರುವುದು 'ವ', ಎಕ್ಸ್ ನಂತಿರುವುದು 'ಖ', ವೈ ನಂತಿರುವುದು 'ಉ'. ಮೊದಲ ವಾರದ ಹೆಚ್ಚಿನ ಸಮಯವನ್ನು ಈ ಆರಕ್ಕೇ ಕೊಡಿ. ಉಳಿದ 21 ಅಕ್ಷರಗಳು ಹೊಸ ಮುಖಗಳಾದ್ದರಿಂದ ಅವು ಮೋಸ ಮಾಡುವುದಿಲ್ಲ. ಅವುಗಳಲ್ಲಿ ಕೆಲವನ್ನು ಗಣಿತದ ಪುಸ್ತಕದಲ್ಲಿ ಈಗಾಗಲೇ ನೋಡಿದ್ದೀರಿ: ಪೈ ಚಿಹ್ನೆಯೇ 'ಪ', ಫೈ ಚಿಹ್ನೆಯೇ 'ಫ', ದೊಡ್ಡಕ್ಷರದ ಗಾಮಾ ಎಂದರೆ 'ಗ'. ಎರಡು ಅಕ್ಷರಗಳಿಗೆ ತಮ್ಮದೇ ಧ್ವನಿಯಿಲ್ಲ. ಒಂದು ಹಿಂದಿನ ವ್ಯಂಜನವನ್ನು ಮೃದುಗೊಳಿಸುತ್ತದೆ, ಇನ್ನೊಂದು ಎರಡು ಧ್ವನಿಗಳನ್ನು ಬಿಡಿಸಿ ನಿಲ್ಲಿಸುತ್ತದೆ. ಎರಡನ್ನೂ ಕಂಡಾಗ ಸದ್ಯಕ್ಕೆ ಮುಂದಕ್ಕೆ ನಡೆಯಿರಿ.

ಕಾರ್ಡಿನ ಮೇಲೆ ಬಿಡಿ ಅಕ್ಷರ ಬರೆಯಬೇಡಿ, ಪದ ಬರೆಯಿರಿ. ನಾನು ಎಲ್ಲರಿಗೂ ಮೊದಲು ಮಾಡಿಸುವ ಕಾರ್ಡ್ ಊಟದ ಜಾಗದ ಬೋರ್ಡಿನದು. ಅದನ್ನು ದೊಡ್ಡಕ್ಷರಗಳಲ್ಲಿ ಬರೆದರೆ ಇಂಗ್ಲಿಷ್ ಕಣ್ಣಿಗೆ 'ಪೆಕ್ಟೋಪಾಹ್' ಎಂದು ಕಾಣುತ್ತದೆ. ಪಿ ಯನ್ನು ರ ಮಾಡಿ, ಸಿ ಯನ್ನು ಸ ಮಾಡಿ, ಕೊನೆಯ ಎಚ್ ಅನ್ನು ನ ಮಾಡಿ. 'ರಿಸ್ತರಾನ್', ಅಂದರೆ ರೆಸ್ಟೋರೆಂಟ್. ವೇಷಧಾರಿಗಳಲ್ಲಿ ಮೂವರು ಈ ಒಂದೇ ಪದದಲ್ಲಿ ಸಿಕ್ಕಿಬೀಳುತ್ತಾರೆ. ಹೀಗೆಯೇ ಮೆಟ್ರೊ, ಕೆಫೆ, ಬ್ಯಾಂಕ್, ಟ್ಯಾಕ್ಸಿ, ಪಾರ್ಕ್, ಪಾಸ್‌ಪೋರ್ಟ್ ಎಂಬ ಪದಗಳ ರಷ್ಯನ್ ಬರಹವನ್ನು ಕಾರ್ಡಿಗೆ ಇಳಿಸಿ. ಅರ್ಥ ಮೊದಲೇ ಗೊತ್ತಿರುವುದರಿಂದ ಗಮನವೆಲ್ಲ ಅಕ್ಷರದ ಮೇಲೆ ನಿಲ್ಲುತ್ತದೆ.

ಬೋರ್ಡುಗಳಲ್ಲಿ ದೊಡ್ಡಕ್ಷರವೇ ಹೆಚ್ಚು, ಆದ್ದರಿಂದ ಅದನ್ನು ಮೊದಲು ಕಲಿಯಿರಿ. ಅಚ್ಚಿನ ಸಣ್ಣಕ್ಷರಗಳಲ್ಲಿ ಬಹುಪಾಲು ದೊಡ್ಡವುಗಳ ಮರಿಗಳೇ, ಆಕಾರ ಅದೇ. ಕಷ್ಟ ಬರುವುದು ಓರೆ ಅಚ್ಚಿನಲ್ಲಿ ಮತ್ತು ಕೈಬರಹದಲ್ಲಿ. ಅಲ್ಲಿ 'ತ' ಅಕ್ಷರ ಇಂಗ್ಲಿಷಿನ ಸಣ್ಣ ಎಂ ನಂತೆ, 'ಪ' ಸಣ್ಣ ಎನ್ ನಂತೆ, 'ಇ' ಸಣ್ಣ ಯು ನಂತೆ ಕಾಣುತ್ತದೆ. ಸೊಗಸಾಗಿ ಕಾಣಲೆಂದು ಓರೆ ಅಕ್ಷರದಲ್ಲಿ ಅಚ್ಚು ಹಾಕಿಸಿದ ಮೆನು ಎದುರಾದಾಗ ಕಲಿತ ಅಕ್ಷರಗಳೆಲ್ಲ ಕೈಕೊಡುವುದು ಇದರಿಂದಲೇ. ಒಂದು ವಾರದ ನಂತರ ಹಳೆಯ ಪದಗಳಲ್ಲೇ ಹತ್ತನ್ನು ಆರಿಸಿ, ಓರೆ ರೂಪದಲ್ಲಿ ಬರೆದು ಕಟ್ಟಿಗೆ ಸೇರಿಸಿ.

ಉಚ್ಚಾರಣೆ ಬರೆದುಕೊಳ್ಳಲು ಕನ್ನಡವೇ ವಾಸಿ

ರಷ್ಯನ್ ಪದದ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಅದನ್ನು ಬಿಡಿ. ಇಂಗ್ಲಿಷಿನ ಟಿ, ಡಿ ಕಂಡ ಕೂಡಲೇ ನಮ್ಮ ನಾಲಿಗೆ 'ಟ', 'ಡ' ಕಡೆಗೆ ಹೊರಳುತ್ತದೆ. ರಷ್ಯನ್ನಿನಲ್ಲಿ ಇರುವುದು ಹಲ್ಲಿಗೆ ತಾಗುವ 'ತ', 'ದ'. 'ಪ', 'ಕ' ಕೂಡ ಉಸಿರು ಬಿಡದ ನಮ್ಮ ಅಲ್ಪಪ್ರಾಣಗಳೇ. 'ರ' ನಾಲಿಗೆ ತುದಿ ಮಿಡಿಯುವ ನಮ್ಮದೇ ರ. ಇಂಗ್ಲಿಷ್ ಮಾತೃಭಾಷೆಯವರು ಒದ್ದಾಡಿ ಕಲಿಯುವ ಈ ನಾಲ್ಕೈದು ಧ್ವನಿಗಳು ನಮಗೆ ಹುಟ್ಟಿನಿಂದ ಬಂದಿವೆ. ಅವನ್ನು ಇಂಗ್ಲಿಷ್ ಮಾರ್ಗವಾಗಿ ಕಳೆದುಕೊಳ್ಳುವುದು ಜಾಣತನವಲ್ಲ.

ಕನ್ನಡ ಲಿಪಿಯ ಇನ್ನೊಂದು ಅನುಕೂಲ ಹ್ರಸ್ವ-ದೀರ್ಘ. ರಷ್ಯನ್ ಪದದಲ್ಲಿ ಒಂದು ಸ್ವರದ ಮೇಲೆ ಒತ್ತಡ ಬೀಳುತ್ತದೆ, ಆ ಸ್ವರ ಎಳೆದಂತೆ ಕೇಳಿಸುತ್ತದೆ. ಉಳಿದ ಸ್ವರಗಳು ಕುಗ್ಗುತ್ತವೆ. 'ಒ' ಎಂದು ಬರೆದದ್ದು ಒತ್ತಡವಿಲ್ಲದಾಗ 'ಅ' ಆಗುತ್ತದೆ. ಹಾಲಿಗೆ ಮೂರು 'ಒ' ಬರೆಯುತ್ತಾರೆ, ಉಚ್ಚರಿಸುವುದು 'ಮಲಕೋ'. ಧನ್ಯವಾದ ಹೇಳುವಾಗ 'ಸ್ಪಸೀಬ', ಚೆನ್ನಾಗಿದೆ ಎನ್ನುವಾಗ 'ಖರಶೋ'. ಒತ್ತಡ ಬೀಳುವ ಸ್ವರವನ್ನು ದೀರ್ಘವಾಗಿ, ಉಳಿದವನ್ನು ಹ್ರಸ್ವವಾಗಿ ಬರೆದುಕೊಂಡರೆ ಬೇರೆ ಗುರುತೇ ಬೇಡ. ಈ ಲೇಖನದ ರಷ್ಯನ್ ಪದಗಳೆಲ್ಲ ಅದೇ ಕ್ರಮದಲ್ಲಿವೆ.

ಒತ್ತಡವನ್ನು ಅಲಂಕಾರ ಎಂದುಕೊಳ್ಳಬೇಡಿ. 'ಜ಼ಾಮಕ್' ಎಂದರೆ ಕೋಟೆ, 'ಜ಼ಮೋಕ್' ಎಂದರೆ ಬೀಗ, ಬರಹದಲ್ಲಿ ಎರಡೂ ಒಂದೇ. 'ಪಿಸಾತ್' ಎಂದರೆ ಬರೆಯುವುದು, 'ಪೀಸತ್' ಎಂದರೆ ಮೂತ್ರ ಮಾಡುವುದು. ಹೋಟೆಲಿನ ಅರ್ಜಿ ತುಂಬುವಾಗ 'ಎಲ್ಲಿ ಬರೆಯಲಿ?' ಎಂದು ಕೇಳಬೇಕಾದವರು ಇದನ್ನು ನೆನಪಿಡುವುದು ಒಳ್ಳೆಯದು. ಪತ್ರಿಕೆ, ಬೋರ್ಡುಗಳಲ್ಲಿ ಒತ್ತಡದ ಗುರುತು ಇರುವುದಿಲ್ಲ. ನಿಘಂಟಿನಲ್ಲಿ ಸ್ವರದ ನೆತ್ತಿಯ ಮೇಲೆ ಸಣ್ಣ ಓರೆಗೆರೆ ಇರುತ್ತದೆ. ಕಾರ್ಡಿಗೆ ಇಳಿಸುವಾಗ ನಿಘಂಟನ್ನು ನೋಡಿಯೇ ಇಳಿಸಿ.

ನಮ್ಮಲ್ಲಿಲ್ಲದ ಧ್ವನಿಗಳಿಗೆ ಒಂದೊಂದು ಗುರುತು ಗೊತ್ತುಮಾಡಿಕೊಳ್ಳಿ. ಚುಕ್ಕೆ ಇಟ್ಟ 'ಜ಼' ಇಂಗ್ಲಿಷಿನ ಝಡ್ ಧ್ವನಿ. 'ಝ' ಎಂದು ಇಲ್ಲಿ ಬರೆದಿರುವುದು 'ಶ' ವನ್ನು ಗಂಟಲು ಕಂಪಿಸುವಂತೆ ಹೇಳಿದಾಗ ಬರುವ ಧ್ವನಿ. 'ಖ' ಗಂಟಲಲ್ಲಿ ಉಜ್ಜಿ ಬರುತ್ತದೆ. ಪದದ ಕೊನೆಯ ಘೋಷ ವ್ಯಂಜನ ಅಘೋಷವಾಗುವುದನ್ನೂ ಗಮನಿಸಿ: ಬ್ರೆಡ್ಡಿಗೆ 'ಖ್ಲೆಬ್' ಎಂದು ಬರೆದರೂ ಕೇಳಿಸುವುದು 'ಖ್ಲೇಪ್'.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಕನ್ನಡ ಉಚ್ಚಾರಣೆಯನ್ನು ಕಾರ್ಡಿನ ಹಿಂಬದಿಯ ಮೂಲೆಯಲ್ಲಿ, ಪೆನ್ಸಿಲಿನಲ್ಲಿ ಬರೆಯಿರಿ. ಮುಂಬದಿಯಲ್ಲಿ ಬರೆದರೆ ಕಣ್ಣು ಅದನ್ನೇ ಓದುತ್ತದೆ, ರಷ್ಯನ್ ಅಕ್ಷರ ಎಂದಿಗೂ ತಲೆಗೆ ಹತ್ತುವುದಿಲ್ಲ. ಮೂರನೆಯ ವಾರಕ್ಕೆ ರಬ್ಬರ್ ಹಿಡಿದು ಅಳಿಸಿಬಿಡಿ.

ಅರ್ಥವನ್ನೂ ಕನ್ನಡದಲ್ಲೇ ಬರೆಯಿರಿ

ಇದು ನನ್ನ ಹಟ ಎಂದುಕೊಂಡರೂ ಸರಿ. ಇಂಗ್ಲಿಷಿನ ಮೂಲಕ ರಷ್ಯನ್ ಕಲಿತರೆ ಅದು ತಲೆಕೆಳಗಾದ ಭಾಷೆಯಂತೆ ಕಾಣುತ್ತದೆ, ಕನ್ನಡದ ಮೂಲಕ ಕಲಿತರೆ ಎಷ್ಟೋ ಕಡೆ ನೇರವಾಗಿ ಕೂರುತ್ತದೆ. 'ಯಾ ತುರೀಸ್ತ್' ಎಂದರೆ 'ನಾನು ಪ್ರವಾಸಿ'. ನಡುವೆ ಕ್ರಿಯಾಪದವಿಲ್ಲ, ಕನ್ನಡದಲ್ಲಿಯೂ ಇಲ್ಲ. 'ಮ್ನ್ಯೆ ಖೋಲದ್ನ' ಎಂದರೆ 'ನನಗೆ ಚಳಿ'. ಆ 'ಮ್ನ್ಯೆ' ನಮ್ಮ 'ನನಗೆ'ಯೇ, ಚತುರ್ಥಿ ವಿಭಕ್ತಿಯೇ. 'ಮ್ನ್ಯೆ ನೂಝಿನ್ ವ್ರಾಚ್' ಎಂದರೆ 'ನನಗೆ ವೈದ್ಯರು ಬೇಕು'. 'ಉ ಮಿನ್ಯಾ ಯೇಸ್ತ್ ಬಿಲ್ಯೇತ್' ಎಂದರೆ 'ನನ್ನ ಹತ್ತಿರ ಟಿಕೆಟ್ ಇದೆ'. 'ನಾನು ಟಿಕೆಟನ್ನು ಹೊಂದಿದ್ದೇನೆ' ಎಂಬ ಇಂಗ್ಲಿಷ್ ಧಾಟಿ ಅಲ್ಲಿಯೂ ಸಹಜವಲ್ಲ. ಹಿಂಬದಿಯಲ್ಲಿ ಇಂಗ್ಲಿಷ್ ಬರೆದವರು ಈ ವಾಕ್ಯಗಳನ್ನು ಅಪವಾದಗಳೆಂದು ಬಾಯಿಪಾಠ ಮಾಡುತ್ತಾರೆ. ಕನ್ನಡ ಬರೆದವರು ಒಮ್ಮೆ ನೋಡಿ ತಲೆಯಾಡಿಸುತ್ತಾರೆ.

ನೀನು-ನೀವು ಭೇದವೂ ಅಷ್ಟೆ. 'ತಿ' ಆತ್ಮೀಯರಿಗೆ, 'ವಿ' ಅಪರಿಚಿತರಿಗೂ ಹಿರಿಯರಿಗೂ. ಪ್ರವಾಸಿಗೆ 'ವಿ' ಒಂದೇ ಸಾಕು. ನಮಸ್ಕಾರಕ್ಕೆ 'ಜ಼್ದ್ರಾಸ್ತ್ವುಯ್ತೆ' ಎಂಬ ಉದ್ದನೆಯ ಪದವಿದೆ. ನಾಲಿಗೆ ತೊಡರುತ್ತದೆಂದು ಅದರ ಬದಲು 'ಪ್ರಿವ್ಯೇತ್' ಕಲಿಸುವವರಿದ್ದಾರೆ. ಅದು ಗೆಳೆಯರ ನಡುವಿನ ಮಾತು. ಪಾಸ್‌ಪೋರ್ಟ್ ನೋಡುವ ಅಧಿಕಾರಿಗೆ ಹೇಳುವಂಥದ್ದಲ್ಲ.

ಕೆಲವು ಪದಗಳು ಸಂಸ್ಕೃತದ ದೂರದ ನೆಂಟರು. ಮ್ಯಾಸ ಎಂದರೆ ಮಾಂಸ, ದ್ವೇರ್ ಎಂದರೆ ದ್ವಾರ, ಅಗೋನ್ ಎಂದರೆ ಅಗ್ನಿ, ತ್ರೀ ಎಂದರೆ ಮೂರು. ಇಂಥವಕ್ಕೆ ಕಾರ್ಡ್ ಬೇಕಾಗುವುದೇ ಇಲ್ಲ.

ಒಂದು ಕಡೆ ಮಾತ್ರ ಕನ್ನಡ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ 'ನಾನು ಕಳೆದುಕೊಂಡೆ' ಎಂಬುದಕ್ಕೆ ಗಂಡು-ಹೆಣ್ಣಿನ ಭೇದವಿಲ್ಲ, ರಷ್ಯನ್ನಿನ ಭೂತಕಾಲದಲ್ಲಿ ಇದೆ. ಪಾಸ್‌ಪೋರ್ಟ್ ಕಳೆದುಹೋದರೆ ಗಂಡಸು 'ಯಾ ಪತಿರ್ಯಾಲ್ ಪಾಸ್ಪರ್ತ್' ಎನ್ನಬೇಕು, ಹೆಂಗಸು 'ಯಾ ಪತಿರ್ಯಾಲ' ಎನ್ನಬೇಕು. ಇನ್ನೊಬ್ಬರ ಕಾರ್ಡ್ ಕಟ್ಟನ್ನು ಎರವಲು ತರುವವರು ಇದನ್ನು ಮೊದಲು ನೋಡಬೇಕು. ನಿಮ್ಮ ಕಟ್ಟಿನಲ್ಲಿ ನಿಮಗೆ ಸಲ್ಲುವ ರೂಪ ಮಾತ್ರ ಇರಲಿ.

ಕಣ್ಣಿನ ಕಟ್ಟು

ಓದುವ ಕಾರ್ಡಿನ ಮುಂಬದಿಯಲ್ಲಿ ದೊಡ್ಡಕ್ಷರದ ರಷ್ಯನ್, ಹಿಂಬದಿಯಲ್ಲಿ ಕನ್ನಡ. ತಿರುಗಿಸಿ ಕೇಳಿಕೊಳ್ಳುವ ಅಗತ್ಯವಿಲ್ಲ, 'ಪ್ರವೇಶ'ಕ್ಕೆ ರಷ್ಯನ್ ಏನೆಂದು ಯಾರೂ ನಿಮ್ಮನ್ನು ಪರೀಕ್ಷಿಸುವುದಿಲ್ಲ. ನಲವತ್ತು ಕಾರ್ಡ್ ಇದ್ದರೆ ಬೇಕಾದಷ್ಟಾಯಿತು.

ಫ್ಖೋತ್ ಪ್ರವೇಶ, ವೀಖತ್ ನಿರ್ಗಮನ. ಅತ್ಕ್ರೀತ ತೆರೆದಿದೆ, ಜ಼ಕ್ರೀತ ಮುಚ್ಚಿದೆ. ಕಾಸ ಎಂದರೆ ಹಣ ಕಟ್ಟುವ ಅಥವಾ ಟಿಕೆಟ್ ಕೊಡುವ ಕೌಂಟರ್. ಪಿರಿರೀಫ್ ಎಂಬ ಚೀಟಿ ಕೌಂಟರಿನ ಗಾಜಿಗೆ ಅಂಟಿದ್ದರೆ ಒಳಗಿನವರು ವಿರಾಮಕ್ಕೆ ಹೋಗಿದ್ದಾರೆ. ನಿ ರಬೋತಯಿತ್ ಎಂದರೆ ಕೆಟ್ಟುಹೋಗಿದೆ. ಬಾಗಿಲ ಮೇಲಿನ 'ಅತ್ ಸಿಬ್ಯಾ' ಎಂದರೆ ತನ್ನಿಂದ ಆಚೆಗೆ, ತಳ್ಳಿ. 'ಕ್ ಸಿಬ್ಯೇ' ಎಂದರೆ ತನ್ನ ಕಡೆಗೆ, ಎಳೆಯಿರಿ. ಶೌಚಾಲಯದ ಬಾಗಿಲ ಮೇಲೆ ಒಂದೇ ಅಕ್ಷರವಿದ್ದರೂ ಗಾಬರಿಯಾಗಬೇಡಿ. ಎಂ ನಂತಿರುವುದು ಗಂಡಸರಿಗೆ, ನಡುಗೆರೆಯಿಂದ ಎರಡೂ ಬದಿಗೆ ಕೈಕಾಲು ಚಾಚಿದಂತಿರುವ 'ಝ' ಅಕ್ಷರ ಹೆಂಗಸರಿಗೆ. ಎತಾಶ್ ಎಂದರೆ ಮಹಡಿ. ಅಲ್ಲಿ ನೆಲಮಟ್ಟವೇ ಒಂದನೆಯ ಎತಾಶ್. ಹೋಟೆಲಿನವರು ಎರಡನೆಯದು ಎಂದರೆ ಒಂದೇ ಮೆಟ್ಟಿಲಸಾಲು ಹತ್ತಿದರೆ ಸಾಕು.

ರೈಲಿನಲ್ಲಿ ಹೋಗುವವರು ಪೋಯಿಸ್ತ್ (ರೈಲು), ವಗೋನ್ (ಬೋಗಿ), ಮ್ಯೇಸ್ತ (ಆಸನ) ಸೇರಿಸಿಕೊಳ್ಳಿ. ರಾತ್ರಿ ರೈಲಿನ ಮಲಗುವ ಬೋಗಿಗಳಲ್ಲಿ ಬೆಸ ಸಂಖ್ಯೆಯ ಮ್ಯೇಸ್ತ ಕೆಳಗಿನದು, ಸಮ ಸಂಖ್ಯೆಯದು ಮೇಲಿನದು. ಮಾಸ್ಕೋದ ದೊಡ್ಡ ನಿಲ್ದಾಣಗಳಲ್ಲಿ ಹಲವಕ್ಕೆ ರೈಲು ಹೋಗುವ ಊರಿನ ಹೆಸರಿದೆ. ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗುವವರು ಹುಡುಕಬೇಕಾದದ್ದು ಲೆನಿನ್‌ಗ್ರಾದ್‌ಸ್ಕಿ ವಗ್ಜ಼ಾಲ್ (ವಗ್ಜ಼ಾಲ್ ಎಂದರೆ ನಿಲ್ದಾಣ). ಊರಿನ ಲೆನಿನ್‌ಗ್ರಾದ್ ಎಂಬ ಹೆಸರು 1991ರಲ್ಲಿ ಬದಲಾಯಿತು, ನಿಲ್ದಾಣದ ಹೆಸರು ಹಾಗೆಯೇ ಉಳಿಯಿತು. ನಿಮ್ಮ ಪ್ರಯಾಣದ ನಿಲ್ದಾಣಗಳ ಹೆಸರುಗಳನ್ನು ಒಂದೊಂದು ಕಾರ್ಡಿಗೆ ಬರೆದುಕೊಳ್ಳುವುದು ಬಣ್ಣಗಳ ಹೆಸರು ಕಲಿಯುವುದಕ್ಕಿಂತ ಎಷ್ಟೋ ಉಪಯುಕ್ತ.

ಕಿವಿಯ ಕಟ್ಟು

ಹೆಚ್ಚಿನವರು ಮಾಡದೇ ಬಿಡುವ ಕಟ್ಟು ಇದು. ಇದರ ಮುಂಬದಿಯಲ್ಲಿ ಅಕ್ಷರವೇ ಇರಬಾರದು, ಧ್ವನಿ ಮಾತ್ರ. ಆಂಕಿಯಲ್ಲಾದರೆ ಧ್ವನಿಯ ಕಡತವನ್ನು ಕಾರ್ಡಿಗೆ ಅಂಟಿಸಬಹುದು. ಕಾಗದದ ಕಾರ್ಡಾದರೆ ಮುಂಬದಿಯಲ್ಲಿ ಒಂದು ಸಂಖ್ಯೆ ಬರೆದು, ಮೊಬೈಲಿನಲ್ಲಿ ಅದೇ ಸಂಖ್ಯೆಯ ರೆಕಾರ್ಡಿಂಗ್ ಇಟ್ಟುಕೊಳ್ಳಿ. ಬಿಡಿ ಪದಗಳ ಉಚ್ಚಾರಣೆಯನ್ನು ಆ ಭಾಷೆಯವರೇ ಹೇಳಿ ಸೇರಿಸಿರುವ ಫೋರ್ವೋ ಎಂಬ ತಾಣವಿದೆ. ರಷ್ಯನ್ ಬಲ್ಲವರು ಪರಿಚಯವಿದ್ದರೆ ಇನ್ನೂ ಒಳ್ಳೆಯದು. ನಿಧಾನವಾಗಿ ಹೇಳಿ ಎಂದು ಅವರನ್ನು ಕೇಳಬೇಡಿ, ಅಂಗಡಿಯಲ್ಲಿ ಯಾರೂ ನಿಧಾನವಾಗಿ ಹೇಳುವುದಿಲ್ಲ.

ಹಿಂಬದಿಯಲ್ಲಿ ಎರಡು ಸಾಲು: ಅರ್ಥ ಒಂದು, ನೀವು ಕೊಡಬೇಕಾದ ಉತ್ತರ ಇನ್ನೊಂದು. ಎರಡನೆಯ ಸಾಲೇ ಮುಖ್ಯ. ಒಂದು ಕಾರ್ಡ್ ನೋಡಿ. ಧ್ವನಿ: 'ಪಕ್ಯೇತ್ ನೂಝಿನ್?' ಹಿಂಬದಿ: 'ಚೀಲ ಬೇಕೇ? — ದಾ, ಪಝಾಲುಸ್ತ / ನ್ಯೇತ್, ಸ್ಪಸೀಬ.' (ಹೌದು, ದಯವಿಟ್ಟು / ಬೇಡ, ಧನ್ಯವಾದ.) ಇನ್ನೊಂದು: ಬಸ್ಸಿನಲ್ಲೋ ಮೆಟ್ರೊದಲ್ಲೋ ಬೆನ್ನ ಹಿಂದಿನಿಂದ 'ವಿ ವಿಖೋದಿತೆ?' ಎಂದು ಕೇಳುತ್ತಾರೆ. 'ನೀವು ಇಳಿಯುತ್ತೀರಾ?' ಎಂದರ್ಥ. ಇಳಿಯುವುದಿಲ್ಲವಾದರೆ ಉತ್ತರ ಮಾತಲ್ಲ, ಪಕ್ಕಕ್ಕೆ ಸರಿದು ದಾರಿ ಬಿಡುವುದು. ಅದನ್ನೇ ಹಿಂಬದಿಯಲ್ಲಿ ಬರೆಯಿರಿ. 'ಜ಼್ದ್ಯೇಸ್ ಈಲಿ ಸ್ ಸಬೋಯ್?' ಇಲ್ಲೇ ತಿನ್ನುತ್ತೀರಾ, ಕಟ್ಟಿಕೊಡಲೇ? 'ಕಾರ್ತಯ್ ಈಲಿ ನಲೀಚ್ನಿಮಿ?' ಕಾರ್ಡೋ, ನಗದೋ? ರಷ್ಯಾದ ಹೊರಗೆ ನೀಡಿದ ವೀಸಾ, ಮಾಸ್ಟರ್‌ಕಾರ್ಡ್‌ಗಳು 2022ರ ಮಾರ್ಚ್‌ನಿಂದ ಅಲ್ಲಿ ನಡೆಯುವುದಿಲ್ಲವಾದ್ದರಿಂದ ನಿಮ್ಮ ಉತ್ತರ ಬಹುತೇಕ 'ನಲೀಚ್ನಿಮಿ'ಯೇ.

ನಗದು ಎಂದ ಮೇಲೆ ಸಂಖ್ಯೆ ಬಂತು. ಪ್ರವಾಸಿಗೆ ಅತ್ಯಂತ ಬೇಕಾದದ್ದೂ, ಕಾರ್ಡಿನಲ್ಲಿ ಅತ್ಯಂತ ಕೆಟ್ಟದಾಗಿ ಕಲಿಯುವುದೂ ಸಂಖ್ಯೆಯನ್ನೇ. ಅದೀನ್, ದ್ವಾ, ತ್ರೀ, ಚಿತೀರಿ ಎಂದು ಹತ್ತರವರೆಗೆ ಸಾಲಾಗಿ ಹೇಳಲು ಬಂದರೆ ಸಂಖ್ಯೆ ಬಂತೆಂದು ಅರ್ಥವಲ್ಲ. ಬೆಲೆ ಯಾರೂ ಸಾಲಾಗಿ ಹೇಳುವುದಿಲ್ಲ. ಕಿವಿ ಎಡವುವ ಜೋಡಿಗಳನ್ನೇ ಹೆಕ್ಕಿ ಎದುರುಬದುರು ಇಡಿ. ಒಂಬತ್ತು 'ದ್ಯೇವಿತ್', ಹತ್ತು 'ದ್ಯೇಸಿತ್'. ನಡುವಿನ ಒಂದು ವ್ಯಂಜನವಷ್ಟೇ ವ್ಯತ್ಯಾಸ. ಹನ್ನೆರಡು 'ದ್ವಿನಾತ್ಸತ್', ಇಪ್ಪತ್ತು 'ದ್ವಾತ್ಸತ್'. ಹದಿನೈದು 'ಪಿತ್ನಾತ್ಸತ್', ಐವತ್ತು 'ಪಿದಿಸ್ಯಾತ್', ಐನೂರು 'ಪಿತ್ಸೋತ್'. ಹತ್ತೊಂಬತ್ತು 'ದಿವಿತ್ನಾತ್ಸತ್', ತೊಂಬತ್ತು 'ದಿವಿನೋಸ್ತ'. ನಲವತ್ತು ಮಾತ್ರ ಯಾವ ಮಾದರಿಗೂ ಸೇರದ 'ಸೋರಕ್', ಅದಕ್ಕೇ ಅದು ಬೇಗ ಅಂಟಿಕೊಳ್ಳುತ್ತದೆ.

ಸಂಖ್ಯೆಯ ಕಾರ್ಡಿನ ಹಿಂಬದಿಯಲ್ಲಿ ಕನ್ನಡ ಪದವೂ ಬೇಡ, ಅಂಕಿ ಬರೆಯಿರಿ. ಧ್ವನಿ ಕೇಳಿದ ಕೂಡಲೇ ಕಾಗದದ ಮೇಲೆ ಅಂಕಿ ಗೀಚುವುದು ಅಭ್ಯಾಸವಾಗಲಿ. 'ದ್ವ್ಯೇಸ್ತಿ ಪಿದಿಸ್ಯಾತ್ ರುಬ್ಲ್ಯೇಯ್' ಎಂದು ಕೇಳಿಸಿತೇ? 250. ನೋಟುಗಳಲ್ಲಿ 100, 200, 500, 1000, 2000, 5000 ಇರುವುದರಿಂದ, ಬೆಲೆ ಕೇಳಿ ಯಾವ ನೋಟು ತೆಗೆಯುತ್ತೀರಿ ಎಂಬುದನ್ನೂ ಹೇಳಿಕೊಳ್ಳಬಹುದು. ರೂಬಲ್ ಎಂಬ ಪದ ಒಂದರ ನಂತರ 'ರೂಬ್ಲ್', ಎರಡರಿಂದ ನಾಲ್ಕರ ನಂತರ 'ರುಬ್ಲ್ಯಾ', ಐದರ ನಂತರ 'ರುಬ್ಲ್ಯೇಯ್' ಎಂದು ರೂಪ ಬದಲಿಸುತ್ತದೆ. ಮೂರೂ ಒಂದೇ ಎಂದು ಗೊತ್ತಿದ್ದರೆ ಸಾಕು. ಬಳಸುವ ನಿಯಮ ಕಲಿಯಲು ಕೂತರೆ ವಿಮಾನದ ದಿನ ಬಂದುಬಿಡುತ್ತದೆ.

ಈ ಕಟ್ಟಿಗೆ ಮೆಟ್ರೊದ ಒಂದು ಘೋಷಣೆಯನ್ನೂ ಸೇರಿಸಿ: 'ಅಸ್ತರೋಝ್ನ, ದ್ವೇರಿ ಜ಼ಕ್ರಿವಾಯುತ್ಸ. ಸ್ಲೇದುಯುಶಯ ಸ್ತಾನ್ತ್ಸಿಯ...' ಜಾಗ್ರತೆ, ಬಾಗಿಲು ಮುಚ್ಚುತ್ತಿದೆ, ಮುಂದಿನ ನಿಲ್ದಾಣ ಇಂಥದ್ದು. ಮಾಸ್ಕೋ ಮೆಟ್ರೊದಲ್ಲಿ ನಗರದ ಕೇಂದ್ರದ ಕಡೆ ಹೋಗುವ ರೈಲಿನಲ್ಲಿ ಗಂಡುಧ್ವನಿ, ಕೇಂದ್ರದಿಂದ ಹೊರಗೆ ಹೋಗುವುದರಲ್ಲಿ ಹೆಣ್ಣುಧ್ವನಿ. ಉಂಗುರದಂತಿರುವ ಮಾರ್ಗದಲ್ಲಿ ಗಡಿಯಾರದ ದಿಕ್ಕಿಗೆ ಗಂಡುಧ್ವನಿ. ಪದ ಒಂದೂ ಅರ್ಥವಾಗದಿದ್ದರೂ ತಪ್ಪು ದಿಕ್ಕಿನ ರೈಲು ಹತ್ತಿದ್ದು ಕಿವಿಗೆ ಗೊತ್ತಾಗುತ್ತದೆ.

ಬಾಯಿಯ ಕಟ್ಟು

ಹೇಳುವ ಕಾರ್ಡಿನ ಮುಂಬದಿಯಲ್ಲಿ ಪದದ ಬದಲು ಸನ್ನಿವೇಶ ಬರೆಯಿರಿ. 'ಟಿಕೆಟ್ ಎಂದರೆ ಏನು?' ಎಂದು ಬರೆಯದೆ, 'ಕೌಂಟರಿನ ಮುಂದೆ ನಿಂತಿದ್ದೀರಿ, ನಾಳೆಗೆ ಎರಡು ಟಿಕೆಟ್ ಬೇಕು' ಎಂದು ಬರೆಯಿರಿ. ಹಿಂಬದಿಯಲ್ಲಿ: 'ದ್ವಾ ಬಿಲ್ಯೇತ ನ ಜ಼ಾಫ್ತ್ರ, ಪಝಾಲುಸ್ತ.' ಉತ್ತರವನ್ನು ಮನಸ್ಸಿನಲ್ಲಿ ಅಂದುಕೊಂಡು ಕಾರ್ಡ್ ತಿರುಗಿಸಬೇಡಿ. ಗಟ್ಟಿಯಾಗಿ ಹೇಳಿ, ಆಮೇಲೆ ತಿರುಗಿಸಿ.

ರಷ್ಯನ್ನಿನಲ್ಲಿ ಆರು ವಿಭಕ್ತಿಗಳಿವೆ. ವಾಕ್ಯ ಬದಲಾದಂತೆ ಪದದ ಬಾಲ ಬದಲಾಗುತ್ತದೆ. ಹೊರಡುವ ಮೊದಲಿನ ಎಂಟು ವಾರದಲ್ಲಿ ಅದನ್ನೆಲ್ಲ ಕಲಿಯಲಾಗದು, ಕಲಿಯಬೇಕಾಗಿಯೂ ಇಲ್ಲ. ಪದ ನಿಘಂಟಿನಲ್ಲಿರುವ ರೂಪದಲ್ಲೇ ಕೂರುವ ಚೌಕಟ್ಟುಗಳನ್ನು ಆರಿಸಿಕೊಂಡರೆ ಬಾಲದ ಗೊಡವೆಯೇ ಇಲ್ಲ. ಅಂಥವು ಮೂರು: 'ಗ್ದ್ಯೆ...?' ಎಂದರೆ ಎಲ್ಲಿ, 'ಉ ವಾಸ್ ಯೇಸ್ತ್...?' ಎಂದರೆ ನಿಮ್ಮಲ್ಲಿ ಇದೆಯೇ, 'ಏತ...' ಎಂದರೆ ಇದು. ಗ್ದ್ಯೆ ತುಅಲ್ಯೇತ್? ಗ್ದ್ಯೆ ಕಾಸ? ಉ ವಾಸ್ ಯೇಸ್ತ್ ಚಾಯ್? ಖಾಲಿ ಜಾಗಕ್ಕೆ ಬೇಕಾದ ಪದ ತುಂಬುತ್ತಾ ಹೋಗಿ. ಬಾಲ ಬದಲಾಗುವ ಕಡೆ ಇಡೀ ನುಡಿಗಟ್ಟನ್ನೇ ಒಂದು ಕಾರ್ಡ್ ಮಾಡಿ, ಬಿಡಿಸಲು ಹೋಗಬೇಡಿ: 'ಬಿಜ಼್ ಮ್ಯಾಸ' ಮಾಂಸವಿಲ್ಲದೆ, 'ಬಿಸ್ ಸಾಖರ' ಸಕ್ಕರೆಯಿಲ್ಲದೆ, 'ವದಾ ಬಿಜ಼್ ಗಾಜ಼' ಗ್ಯಾಸ್ ಇಲ್ಲದ ನೀರು. ಕೊನೆಯದನ್ನು ಕಲಿಯದಿದ್ದರೆ ಸೋಡಾ ಕುಡಿಯಬೇಕಾಗಬಹುದು.

ಇವುಗಳ ಜೊತೆ ಇಜ಼್ವಿನೀತೆ (ಕ್ಷಮಿಸಿ), ಸ್ಕೋಲ್ಕ ಸ್ತೋಇತ್ (ಎಷ್ಟಾಗುತ್ತದೆ), ಯಾ ನಿ ಪನಿಮಾಯು (ನನಗೆ ಅರ್ಥವಾಗುತ್ತಿಲ್ಲ), ಶ್ಶೋತ್ ಪಝಾಲುಸ್ತ (ಬಿಲ್ ಕೊಡಿ). ಇನ್ನೊಂದು 'ಮೋಝ್ನ?' ಆಗಬಹುದೇ? ಖಾಲಿ ಕುರ್ಚಿ ತೋರಿಸಿ 'ಮೋಝ್ನ?' ಎಂದರೆ ಕೂರಬಹುದೇ, ಕ್ಯಾಮೆರಾ ಎತ್ತಿ 'ಮೋಝ್ನ?' ಎಂದರೆ ಫೋಟೊ ತೆಗೆಯಬಹುದೇ. 'ನಿಲ್ಜ಼್ಯಾ' ಎಂದು ಉತ್ತರ ಬಂದರೆ ಕೂಡದು. ಒಂದೇ ಪದದಲ್ಲಿ ಇಷ್ಟು ಕೆಲಸ ಮಾಡುವ ಕಾರ್ಡ್ ಇನ್ನೊಂದಿಲ್ಲ.

ದಿನವೂ ಮಗುಚುವ ಕ್ರಮ

ಕಲಿತದ್ದು ಮೊದಲ ಗಂಟೆಗಳಲ್ಲಿ ಬೇಗ, ಆಮೇಲೆ ನಿಧಾನವಾಗಿ ಮರೆಯುತ್ತದೆ ಎಂಬುದನ್ನು ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲೇ ಅಳೆದು ತೋರಿಸಿದ್ದರು. ಮತ್ತೆ ಮತ್ತೆ ಓದುವುದಕ್ಕೂ ನೆನಪಿಸಿಕೊಳ್ಳುವುದಕ್ಕೂ ಇರುವ ಅಂತರವನ್ನು ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದು, ಒಂದು ವಾರದ ನಂತರ ಕೇಳಿದರೆ ನೆನಪಿಸಿಕೊಂಡು ಬರೆದವರು ಮುಂದು. ಆದ್ದರಿಂದ ಕಾರ್ಡ್ ತಿರುಗಿಸುವ ಮೊದಲು ತಡಕಾಡುವ ಆ ಎರಡು ಮೂರು ಸೆಕೆಂಡು ವ್ಯರ್ಥವಲ್ಲ, ಕಲಿಕೆ ನಡೆಯುವುದು ಅಲ್ಲೇ.

ಕಾಗದದ ಕಾರ್ಡಿಗೆ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಪೆಟ್ಟಿಗೆ ಕ್ರಮ ಸಾಕು. ಐದು ಲಕೋಟೆ ತೆಗೆದುಕೊಳ್ಳಿ. ಹೊಸ ಕಾರ್ಡ್ ಒಂದನೆಯದರಲ್ಲಿ. ಸರಿಯಾಗಿ ಹೇಳಿದರೆ ಮುಂದಿನ ಲಕೋಟೆಗೆ ಬಡ್ತಿ, ತಪ್ಪಿದರೆ ಎಲ್ಲಿದ್ದರೂ ಒಂದನೆಯದಕ್ಕೆ ವಾಪಸು. ಒಂದನೆಯದನ್ನು ದಿನವೂ, ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಮೂರನೆಯದನ್ನು ನಾಲ್ಕು ದಿನಕ್ಕೊಮ್ಮೆ, ನಾಲ್ಕನೆಯದನ್ನು ವಾರಕ್ಕೊಮ್ಮೆ, ಐದನೆಯದನ್ನು ಎರಡು ವಾರಕ್ಕೊಮ್ಮೆ ಬಿಚ್ಚಿ. ಆಂಕಿ ಈ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ.

ದಿನಕ್ಕೆ ಐದಾರು ಹೊಸ ಕಾರ್ಡ್ ಮೀರಬೇಡಿ. ಮೊದಲ ಭಾನುವಾರ ಹುರುಪಿನಲ್ಲಿ ಐವತ್ತು ಕಾರ್ಡ್ ಹಾಕಿದವರು ಗುರುವಾರದ ಹೊತ್ತಿಗೆ ಹಳೆಯವುಗಳ ರಾಶಿ ನೋಡಿ ಕೈಬಿಡುತ್ತಾರೆ. ಐದರಂತೆ ಎಂಟು ವಾರಕ್ಕೆ 280 ಆಗುತ್ತದೆ. ಪ್ರವಾಸಿಗೆ ಅಷ್ಟು ಬೇಡ, ಎರಡು ನೂರು ಸಾಕು, ಕೊನೆಯ ವಾರ ಹೊಸದನ್ನು ಸೇರಿಸದೆ ಹಳೆಯದನ್ನು ಮಾತ್ರ ಮಗುಚಬಹುದು. ಯಾವುದೋ ಒಂದು ಕಾರ್ಡ್ ಪದೇ ಪದೇ ಒಂದನೆಯ ಲಕೋಟೆಗೆ ಬೀಳುತ್ತಿದ್ದರೆ ತಪ್ಪು ನಿಮ್ಮದಲ್ಲ, ಕಾರ್ಡಿನದು. ಅದರಲ್ಲಿ ಎರಡು ವಿಷಯ ತುಂಬಿರಬಹುದು, ಒಡೆದು ಎರಡು ಮಾಡಿ. ಆ ಪದವೇ ನಿಮಗೆ ಬೇಡದಿರಬಹುದು, ಹರಿದು ಹಾಕಿ.

ಹೊರಡುವ ದಿನ

ಕಟ್ಟನ್ನು ಸೂಟ್‌ಕೇಸಿಗೆ ಹಾಕಬೇಡಿ. ಒಂದು ಮೂಲೆಗೆ ತೂತು ಹೊಡೆದು, ಉಂಗುರ ಪೋಣಿಸಿ ಜೇಬಿನಲ್ಲಿಡಿ. ಸುಮಾರು ಹತ್ತು ಖಾಲಿ ಕಾರ್ಡ್ ಜೊತೆಗಿರಲಿ. ಅಲ್ಲಿ ದಿನಕ್ಕೆರಡು ಬಾರಿ ಕಣ್ಣಿಗೆ ಬಿದ್ದ ಬೋರ್ಡು, ಮೂರು ಬಾರಿ ಕೇಳಿಸಿದ ಮಾತು ನಿಮಗೆ ಬೇಕಾದ ಮಾತೇ. ಆ ರಾತ್ರಿಯೇ ಬರೆದುಕೊಳ್ಳಿ.

ನೆನಪಿನಿಂದ ಹೇಳಲು ನೆಚ್ಚಿಕೊಳ್ಳಬಾರದ ಕಾರ್ಡ್ ಒಂದಿದೆ. ಗಾಬರಿಯಲ್ಲಿ ಕಲಿತ ಭಾಷೆ ಬಾಯಿಗೆ ಬರುವುದಿಲ್ಲ. ಹೋಟೆಲಿನ ವಿಳಾಸ, ನಿಮಗೆ ಆಗದ ಔಷಧ ಅಥವಾ ಆಹಾರ, 'ಮ್ನ್ಯೆ ನೂಝಿನ್ ವ್ರಾಚ್' ಎಂಬ ವಾಕ್ಯ, ಈ ಮೂರನ್ನೂ ರಷ್ಯನ್ ಬಲ್ಲವರಿಂದ ರಷ್ಯನ್ ಅಕ್ಷರದಲ್ಲಿ ಸ್ಪಷ್ಟವಾಗಿ ಬರೆಸಿ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಿ. ಎಲ್ಲ ತುರ್ತಿಗೂ ಕರೆ 112. ಬಿಡಿಯಾಗಿ ಬೇಕಾದರೆ ಅಗ್ನಿಶಾಮಕಕ್ಕೆ 101, ಪೊಲೀಸರಿಗೆ 102, ಆಂಬುಲೆನ್ಸಿಗೆ 103. ಈ ನಾಲ್ಕು ಸಂಖ್ಯೆಗಳನ್ನು ಆ ಕಾರ್ಡಿನ ಹಿಂಬದಿಯಲ್ಲಿ ಕನ್ನಡದಲ್ಲೇ ಬರೆದಿರಿ, ಅದನ್ನು ಓದಬೇಕಾದವರು ನೀವು.